ಮೈಸೂರಿನಲ್ಲಿ ಓದುವವರು ಎಲ್ಲಿ ಉಳಿಯಬೇಕು? ಯುನಿವರ್ಸಿಟಿ ಹಾಸ್ಟೆಲ್, ಬಿಸಿಎಂ ಹಾಸ್ಟೆಲ್, ಮಠದ ಹಾಸ್ಟೆಲ್, ಪಿಜಿ: ಒಂದು ಹೋಲಿಕೆ

ಮೈಸೂರು ಯುನಿವರ್ಸಿಟಿಯ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಎಂ.ಎ., ಎಂ.ಎಸ್ಸಿ. ಸೀಟು ಸಿಕ್ಕಿತು. ಅಥವಾ ಪಿಯುಸಿ ಮುಗಿಸಿ ಮಹಾರಾಜ, ಯುವರಾಜ, ಮಹಾರಾಣಿ ಕಾಲೇಜುಗಳಲ್ಲಿ ಒಂದಕ್ಕೆ ಸೇರಿದ್ದಾಯ್ತು. ಫೀಸ್ ಕಟ್ಟಿದ ಮರುದಿನವೇ ಮನೆಯಲ್ಲಿ ಇನ್ನೊಂದು ಚರ್ಚೆ ಶುರುವಾಗುತ್ತದೆ. ಉಳಿಯುವುದು ಎಲ್ಲಿ? ಅಪ್ಪ ಬಿಸಿಎಂ (ಹಿಂದುಳಿದ ವರ್ಗಗಳ ಸರ್ಕಾರಿ) ಹಾಸ್ಟೆಲ್ ಅನ್ನುತ್ತಾರೆ, ಅಮ್ಮನಿಗೆ ಮಠದ ಹಾಸ್ಟೆಲ್ ಮೇಲೆ ನಂಬಿಕೆ, ಮಗಳಿಗೆ ಗೆಳತಿಯರ ಜೊತೆ ಪಿಜಿಯಲ್ಲಿ, ಅಂದರೆ ದುಡ್ಡು ಕೊಟ್ಟು ಉಳಿಯುವ ಖಾಸಗಿ ವಸತಿಯಲ್ಲಿ, ಇರುವ ಆಸೆ, ಮಗನಿಗೆ ಕ್ಯಾಂಪಸ್ ಒಳಗೇ ಇರಬೇಕು. ಪ್ರತಿ ವರ್ಷ ಅಡ್ಮಿಷನ್ ಸಮಯದಲ್ಲಿ ಇದೇ ಪ್ರಶ್ನೆ ಹಿಡಿದು ಬರುವವರು ಇದ್ದೇ ಇರುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಏನನ್ನು ನೋಡಿ ಆರಿಸಬೇಕು ಅನ್ನುವುದನ್ನು ಮೊದಲು ಸರಿಮಾಡಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಮೊದಲು ಏನನ್ನು ನೋಡಬೇಕು

ಸಾಮಾನ್ಯವಾಗಿ ನಾವು ನೋಡುವುದು ಕಟ್ಟಡ. ಟೈಲ್ಸ್ ಹೊಸದಾ, ವೈಫೈ ಇದೆಯಾ, ಮಂಚ ಹೇಗಿದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಕೊನೆಯಲ್ಲಿ ನೋಡಿದರೆ ಸಾಕು. ಮೊದಲು ಕೇಳಬೇಕಾದ್ದು ಇದು: ರಾತ್ರಿ ಎರಡು ಗಂಟೆಗೆ ಜ್ವರ ಏರಿದರೆ ಯಾರ ಬಾಗಿಲು ತಟ್ಟಬೇಕು? ಆ ಮನುಷ್ಯ ಅದೇ ಕಟ್ಟಡದಲ್ಲಿ ಇರುತ್ತಾರಾ, ಇಲ್ಲ ಸಂಜೆ ಆರಕ್ಕೆ ಬೀಗ ಹಾಕಿಕೊಂಡು ಹೋಗುತ್ತಾರಾ?

ಕುವೆಂಪು ಅವರ ವಿದ್ಯಾರ್ಥಿ ದಿನಗಳು ಇಲ್ಲಿ ನೆನಪಾಗುತ್ತವೆ. ಮಲೆನಾಡಿನಿಂದ ಬಂದು ಮೈಸೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದ ಅವರು ಕಾಯಿಲೆ ಬಿದ್ದರು. ಶ್ರೀರಾಮಕೃಷ್ಣ ಆಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರ ಆರೈಕೆಗೆ ನಿಂತರು. ಆಮೇಲೆ ಆಶ್ರಮವೇ ಅವರಿಗೆ ಮನೆಯಾಯಿತು. ಊರು ಬಿಟ್ಟು ಬಂದ ಹುಡುಗರಿಗೆ ಕೋಣೆಗಿಂತ ನೋಡಿಕೊಳ್ಳುವ ಒಬ್ಬ ಮನುಷ್ಯ ಮುಖ್ಯ. ಅಂದೂ ಹಾಗೇ ಇತ್ತು, ಇಂದೂ ಹಾಗೇ ಇದೆ.

ಎರಡನೆಯದು, ವರ್ಷದ ಒಟ್ಟು ಖರ್ಚು. ತಿಂಗಳ ಬಾಡಿಗೆ ಮಾತ್ರ ನೋಡಬೇಡಿ. ಅಡ್ವಾನ್ಸ್, ಬಸ್ಸು, ಭಾನುವಾರ ರಾತ್ರಿ ಹೊರಗಿನ ಊಟ, ರಜೆಯಲ್ಲೂ ಕಟ್ಟುವ ಬಾಡಿಗೆ, ಎಲ್ಲ ಸೇರಬೇಕು. ಮೂರನೆಯದು ಊಟ ಮತ್ತು ಅದರ ಲೆಕ್ಕ. ನಾಲ್ಕನೆಯದು ಓದಲು ಜಾಗ, ಅಂದರೆ ರಾತ್ರಿ ಹನ್ನೊಂದರ ಮೇಲೂ ಯಾರಿಗೂ ತೊಂದರೆಯಾಗದಂತೆ ಲೈಟ್ ಹಾಕಿಕೊಂಡು ಕೂರಲು ಒಂದು ಮೂಲೆ. ಕ್ಲಾಸಿಗೆ ಎಷ್ಟು ದೂರ ಅನ್ನುವುದು ಇವೆಲ್ಲದರ ಜೊತೆಗೆ ಬರುತ್ತದೆ. ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ, ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ನೋಡಿ.

ಯುನಿವರ್ಸಿಟಿ ಹಾಸ್ಟೆಲ್

ಮಾನಸಗಂಗೋತ್ರಿಯ ಹಾಸ್ಟೆಲ್‌ಗಳ ದೊಡ್ಡ ಲಾಭ ನಡೆದು ಹೋಗುವಷ್ಟು ಹತ್ತಿರದ ಡಿಪಾರ್ಟ್‌ಮೆಂಟ್ ಮತ್ತು ಲೈಬ್ರರಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ ಬಂದು, ಸ್ನಾನ ಮಾಡಿ, ಕ್ಲಾಸಿಗೆ ಹೋಗಬಹುದು. ಲ್ಯಾಬ್ ಕೆಲಸ ತಡವಾಗುವ ಎಂ.ಎಸ್ಸಿ. ಮಕ್ಕಳಿಗೆ, ಪಿಎಚ್‌.ಡಿ. ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಸೀನಿಯರ್‌ಗಳಿಂದ ಹಳೆ ಪ್ರಶ್ನೆಪತ್ರಿಕೆ, ನೋಟ್ಸ್, ನೆಟ್ ಪರೀಕ್ಷೆಯ ತಯಾರಿಯ ದಾರಿ ಎಲ್ಲವೂ ಊಟದ ಟೇಬಲ್ಲಿನಲ್ಲೇ ಸಿಗುತ್ತವೆ. ಇದು ಯಾವ ಫೀಸ್ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಮೊದಲ ತಲೆಮಾರಿನಲ್ಲಿ ಓದಲು ಬಂದವರಿಗೆ ಇದರ ಬೆಲೆ ತುಂಬಾ ಜಾಸ್ತಿ.

ಇಂಥ ಹಾಸ್ಟೆಲ್‌ಗಳಲ್ಲಿ ಮೆಸ್ ಹೆಚ್ಚಾಗಿ ಡಿವೈಡಿಂಗ್ ಸಿಸ್ಟಂನಲ್ಲಿ ನಡೆಯುತ್ತದೆ, ಅಂದರೆ ತಿಂಗಳ ಒಟ್ಟು ಖರ್ಚನ್ನು ಊಟದ ದಿನಗಳ ಲೆಕ್ಕದಲ್ಲಿ ಎಲ್ಲರಿಗೂ ಹಂಚುತ್ತಾರೆ. ಇದನ್ನು ಸೇರುವ ಮೊದಲೇ ಅರ್ಥ ಮಾಡಿಕೊಳ್ಳಿ, ಯಾಕೆಂದರೆ ಜಗಳ ಆಗುವುದು ಇಲ್ಲೇ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೂರು ಜನ, ಮೂವತ್ತು ದಿನ, ತಿಂಗಳ ಒಟ್ಟು ಖರ್ಚು 3,00,000 ರೂಪಾಯಿ. ತಲೆಗೆ ದಿನಕ್ಕೆ 100 ರೂಪಾಯಿ ಬೀಳುತ್ತದೆ. ಈಗ ಇಪ್ಪತ್ತು ಜನ ಹತ್ತು ದಿನ ಊರಿಗೆ ಹೋಗಿ, ಆ ದಿನಗಳ ಊಟ ಲೆಕ್ಕಕ್ಕೆ ಬೇಡ ಅಂತ ಮೆಸ್ ಕಟ್ ಬರೆಸಿದರು. ಅಕ್ಕಿ, ತರಕಾರಿ ಸ್ವಲ್ಪ ಉಳಿಯಿತು, ಖರ್ಚು 2,90,000ಕ್ಕೆ ಇಳಿಯಿತು. ಆದರೆ ಅಡುಗೆಯವರ ಸಂಬಳ ಇಳಿಯುವುದಿಲ್ಲ, ಗ್ಯಾಸಿನ ಖರ್ಚೂ ಅಷ್ಟಾಗಿ ಇಳಿಯುವುದಿಲ್ಲ. ಎಲ್ಲರ ಊಟದ ದಿನ ಸೇರಿ 3,000 ಇದ್ದದ್ದು 200 ಕಳೆದು 2,800 ಆಯಿತು, ಅದಕ್ಕೆ ಹಂಚಿದರೆ ದಿನಕ್ಕೆ ಸುಮಾರು 104 ರೂಪಾಯಿ ಬರುತ್ತದೆ. ಊರಿಗೆ ಹೋದವರಿಗೆ ಉಳಿತಾಯ, ಇದ್ದವರಿಗೆ ಹೊರೆ. ಅದಕ್ಕೇ ಎಷ್ಟೋ ಕಡೆ ಕನಿಷ್ಠ ಇಷ್ಟು ದಿನ ಇಲ್ಲದಿದ್ದರೆ ಮಾತ್ರ ಮೆಸ್ ಕಟ್ ಅನ್ನುವ ನಿಯಮ ಇರುತ್ತದೆ. ಪ್ರತಿ ಶನಿವಾರ ಊರಿಗೆ ಓಡುವವರು ನೀವಾದರೆ ಆ ನಿಯಮ ಕೇಳಿಕೊಳ್ಳಿ. ಎರಡು ದಿನದ ಊಟ ಬಿಟ್ಟರೂ ದುಡ್ಡು ಕಟ್ಟಬೇಕಾಗಬಹುದು.

ಹಾಸ್ಟೆಲ್ ನೋಡಲು ಹೋದಾಗ ಮೆಸ್ಸಿನ ನೋಟಿಸ್ ಬೋರ್ಡ್ ಮುಂದೆ ಐದು ನಿಮಿಷ ನಿಲ್ಲಿ. ಹೋದ ತಿಂಗಳ ಲೆಕ್ಕ ಅಲ್ಲಿ ಅಂಟಿಸಿದ್ದಾರಾ? ಅಕ್ಕಿ ಇಷ್ಟು, ಎಣ್ಣೆ ಇಷ್ಟು, ಹಾಲು ಇಷ್ಟು, ಸಿಲಿಂಡರ್ ಇಷ್ಟು ಅಂತ ಬಿಡಿಬಿಡಿಯಾಗಿ ಬರೆದು, ಕೆಳಗೆ ಮೆಸ್ ಸೆಕ್ರೆಟರಿಯ ಸಹಿ, ವಾರ್ಡನ್ ಸಹಿ ಇದೆಯಾ? ದಿನಾಂಕ ಈ ವರ್ಷದ್ದಾ? ಹಾಗಿದ್ದರೆ ಆ ಹಾಸ್ಟೆಲ್ ಬಗ್ಗೆ ಇನ್ನೂ ಹತ್ತು ಪ್ರಶ್ನೆ ಕೇಳಬೇಕಾಗಿಲ್ಲ. ಲೆಕ್ಕ ಗೋಡೆ ಮೇಲೆ ಇರುವ ಕಡೆ ಸಾಂಬಾರಿನಲ್ಲಿ ಬೇಳೆಯೂ ಇರುತ್ತದೆ.

ತೊಂದರೆ ಏನು? ಸೀಟು ಕಡಿಮೆ, ಕೇಳುವವರು ಹೆಚ್ಚು. ಕೋರ್ಸಿಗೆ ಸೇರಿದ ಮಾತ್ರಕ್ಕೆ ಹಾಸ್ಟೆಲ್ ಸಿಕ್ಕಿತು ಅಂತಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಪಟ್ಟಿ, ಬೇರೆ ಕಾಯುವಿಕೆ. ಕ್ಲಾಸು ಶುರುವಾದ ಮೇಲೂ ಕೋಣೆ ಹಂಚಿಕೆ ಆಗದೆ ಇರುವುದುಂಟು. ಹೊಸಬರು ಮೊದಲ ಕೆಲವು ವಾರಕ್ಕೆ ಬೇರೆ ಏರ್ಪಾಡು ಮಾಡಿಕೊಂಡೇ ಬರಬೇಕು.

ಸರ್ಕಾರಿ ಹಾಸ್ಟೆಲ್

ಜನರ ಬಾಯಲ್ಲಿ ಎಲ್ಲವೂ ಬಿಸಿಎಂ ಹಾಸ್ಟೆಲ್. ನಿಜವಾಗಿ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆ, ಪರಿಶಿಷ್ಟ ವರ್ಗಗಳ ಇಲಾಖೆ, ಅಲ್ಪಸಂಖ್ಯಾತರ ಇಲಾಖೆ, ಇವೆಲ್ಲಕ್ಕೂ ಬೇರೆ ಬೇರೆ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಊಟ, ವಸತಿ ಎರಡೂ ಉಚಿತ. ದೇವರಾಜ ಅರಸು ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳಿಗೆ ಸಿಕ್ಕ ಒತ್ತಿನಿಂದ ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಬಂದರು. ಇದನ್ನು ಹೇಳಲು ಕಾರಣವಿದೆ. ಈಗಲೂ ಕೆಲವರು ಸರ್ಕಾರಿ ಹಾಸ್ಟೆಲ್ ಅಂದರೆ ಮುಖ ಸಿಂಡರಿಸುತ್ತಾರೆ. ಸಾಲ ಮಾಡಿ ಪಿಜಿ ಬಾಡಿಗೆ ಕಟ್ಟುವ ಮನೆಯವರು ಇಲ್ಲಿ ಅರ್ಜಿಯನ್ನೇ ಹಾಕಿರುವುದಿಲ್ಲ. ಅರ್ಹತೆ ಇದ್ದರೆ ಸುಮ್ನೆ ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಬೇಡಿ. ಅದು ನಿಮ್ಮ ಹಕ್ಕು.

ಅರ್ಜಿ ಆನ್‌ಲೈನ್, ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಆ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಅರ್ಜಿ ನಿಂತುಬಿಡಬಹುದು. ಆದಾಯದ ಮಿತಿ ಪ್ರವರ್ಗದಿಂದ ಪ್ರವರ್ಗಕ್ಕೆ ಬೇರೆ, ಆಗಾಗ ಬದಲಾಗುವುದೂ ಉಂಟು. ಆ ವರ್ಷದ ಪ್ರಕಟಣೆಯನ್ನೇ ಓದಿ.

ಇಲ್ಲಿನ ಕೊರತೆಯನ್ನೂ ಹೇಳಬೇಕು. ಕೆಲವು ಕಟ್ಟಡ ಸ್ವಂತದ್ದು, ಚೆನ್ನಾಗಿವೆ. ಕೆಲವು ಬಾಡಿಗೆ ಕಟ್ಟಡ, ಒಂದು ಕೋಣೆಯಲ್ಲಿ ಜನ ಜಾಸ್ತಿ, ಬೆಳಿಗ್ಗೆ ಬಚ್ಚಲಿಗೆ ಸಾಲು. ಒಬ್ಬರೇ ನಿಲಯಪಾಲಕರಿಗೆ ಒಂದಕ್ಕಿಂತ ಹೆಚ್ಚು ಹಾಸ್ಟೆಲ್‌ನ ಜವಾಬ್ದಾರಿ ಇರುವ ಕಡೆ ರಾತ್ರಿ ದೊಡ್ಡವರು ಯಾರೂ ಇರುವುದಿಲ್ಲ. ಮೊದಲು ಹೇಳಿದ ಪ್ರಶ್ನೆ ಇಲ್ಲಿ ಹೆಚ್ಚು ಮುಖ್ಯವಾಗುತ್ತದೆ. ಅಲ್ಲಿ ಈಗಾಗಲೇ ಇರುವ ಹುಡುಗರನ್ನು ಕೇಳಿ, ನಿಜ ಹೇಳುತ್ತಾರೆ.

ಸೀಟು ಸಿಗಲಿಲ್ಲ ಅಂದರೆ ಕೈಚೆಲ್ಲಬೇಡಿ. ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಕೊಡುತ್ತಾ ಬಂದ ಯೋಜನೆ ಇದು, ಈಗಿನ ಮೊತ್ತವನ್ನು ಆ ವರ್ಷದ ಪ್ರಕಟಣೆಯಲ್ಲಿ ನೋಡಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆದರೆ ಈ ಹಣ ತಿಂಗಳ ಮೊದಲ ತಾರೀಖಿಗೆ ಸರಿಯಾಗಿ ಬಂದು ಬೀಳುತ್ತದೆ ಅಂತ ಲೆಕ್ಕ ಹಾಕಬೇಡಿ. ಬಾಡಿಗೆಯನ್ನು ಮೊದಲು ನೀವೇ ಕಟ್ಟಬೇಕಾಗುತ್ತದೆ.

ಮಠದ ಮತ್ತು ಸಮುದಾಯದ ಹಾಸ್ಟೆಲ್

ನಮ್ಮ ಅಜ್ಜಂದಿರ ಕಾಲದಲ್ಲಿ ಓದಲು ಊರು ಬಿಟ್ಟ ಹುಡುಗರು ವಾರಾನ್ನ ಮಾಡುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ಮನೆಯಲ್ಲಿ ಸೂತಕ ಬಂದರೆ ಆ ದಿನ ಉಪವಾಸ. ಅದೂ ಎಲ್ಲ ಜಾತಿಯವರಿಗೆ ಸಿಗುತ್ತಿರಲಿಲ್ಲ. ಕಳೆದ ಶತಮಾನದ ಆರಂಭದಿಂದ ಸಮುದಾಯಗಳು, ಮಠಗಳು ಮುಂದೆ ಬಂದು ಹಾಸ್ಟೆಲ್ ಕಟ್ಟಿದ್ದು ಈ ಕಷ್ಟ ನೋಡಿಯೇ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಇಂದಿಗೂ ಊಟ, ವಸತಿ, ವಿದ್ಯೆ ನಡೆಯುತ್ತಿದೆ. ಮೈಸೂರು ಭಾಗದಲ್ಲಿ ಸುತ್ತೂರು ಮಠದ ಹೆಸರು ಎಲ್ಲರಿಗೂ ಗೊತ್ತು. ಇದರ ಜೊತೆಗೆ ಬೇರೆ ಬೇರೆ ಸಮುದಾಯದ ಸಂಘಗಳ ಹಾಸ್ಟೆಲ್‌ಗಳು ಊರಿನ ನಡುವೆಯೇ ಇವೆ.

ಇವುಗಳ ಫೀಸ್ ಪಿಜಿಗಿಂತ ಸಾಕಷ್ಟು ಕಡಿಮೆ ಇರುವುದು ವಾಡಿಕೆ. ಊಟ ಸರಳ, ಹೊತ್ತಿಗೆ ಸರಿಯಾಗಿ. ಶಿಸ್ತು ಇರುತ್ತದೆ. ಬೆಳಿಗ್ಗೆ ಬೇಗ ಏಳಬೇಕು, ಕೆಲವು ಕಡೆ ಪ್ರಾರ್ಥನೆ ಕಡ್ಡಾಯ, ರಾತ್ರಿ ಗೇಟು ಬೇಗ ಹಾಕುತ್ತಾರೆ, ಮಠದ ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ಮಾಂಸಾಹಾರ ಇಲ್ಲ. ಹದಿನೆಂಟರ ಹುಡುಗ ಮೊದಲ ಸಲ ಊರು ಬಿಟ್ಟು ಬಂದಾಗ ಈ ಶಿಸ್ತು ಒಳ್ಳೆಯದೇ ಮಾಡುತ್ತದೆ ಅನ್ನುವುದು ನನ್ನ ನಂಬಿಕೆ. ಆದರೆ ಸಂಜೆ ಲ್ಯಾಬ್ ಇರುವವರಿಗೆ, ಪಾರ್ಟ್‌ಟೈಮ್ ಕೆಲಸ ಮಾಡಿ ಓದುವವರಿಗೆ, ರಂಗಾಯಣದಲ್ಲಿ ನಾಟಕ ನೋಡಿ ಬರುವವರಿಗೆ ಗೇಟಿನ ಸಮಯ ಪ್ರತಿದಿನದ ತಲೆನೋವು. ಸೇರುವ ಮೊದಲು ನಿಮ್ಮ ಟೈಮ್‌ಟೇಬಲ್ ಮುಂದಿಟ್ಟು ಕೇಳಿ. 'ಹೇಗೋ ಹೊಂದಿಸಿಕೊಳ್ಳೋಣ' ಅಂತ ಸೇರಬೇಡಿ.

ಇನ್ನೊಂದು ಮಾತು. ಒಂದೇ ಸಮುದಾಯದವರ ನಡುವೆಯೇ ಐದು ವರ್ಷ ಕಳೆದರೆ, ಬೇರೆ ಮನೆಗಳ ಮಕ್ಕಳು ಹೇಗೆ ಬದುಕುತ್ತಾರೆ ಅನ್ನುವುದೇ ಗೊತ್ತಾಗದೆ ಹೋಗಬಹುದು. ಹಾಸ್ಟೆಲ್ ಕಲಿಸುವ ದೊಡ್ಡ ಪಾಠವೇ ಅದು ಅಲ್ವಾ? ಎಲ್ಲ ಸಮುದಾಯದವರನ್ನೂ ಸೇರಿಸಿಕೊಳ್ಳುವ ಹಾಸ್ಟೆಲ್‌ಗಳಿವೆ. ಆಯ್ಕೆ ಇದ್ದರೆ ಅಂಥದ್ದನ್ನೇ ಹುಡುಕಿ.

ಪಿಜಿ ಮತ್ತು ಬಾಡಿಗೆ ರೂಮು

ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಪಡುವಾರಹಳ್ಳಿ, ಬೋಗಾದಿ, ಕುವೆಂಪುನಗರ. ಕ್ಯಾಂಪಸ್ ಸುತ್ತಮುತ್ತ ಎಲ್ಲಿ ನೋಡಿದರೂ 'ಟು ಲೆಟ್' ಬೋರ್ಡು. ಅಡ್ವಾನ್ಸ್ ಕೊಟ್ಟ ದಿನವೇ ಬ್ಯಾಗು ಇಡಬಹುದು. ಗೇಟಿನ ಕಾಟ ಕಡಿಮೆ, ಇಷ್ಟದವರ ಜೊತೆ ಇರಬಹುದು.

ಖರ್ಚಿನ ಲೆಕ್ಕ ಒಂದು ಸಲ ಕಾಗದದ ಮೇಲೆ ಹಾಕಿ ನೋಡಿ. ತ್ರೀ ಶೇರಿಂಗ್‌ಗೆ ಊಟ ಸೇರಿ ತಿಂಗಳಿಗೆ 6,500 ಕೇಳಿದರು ಅಂತಿಟ್ಟುಕೊಳ್ಳಿ. ಹತ್ತು ತಿಂಗಳಿಗೆ 65,000. ವಿದ್ಯಾಸಿರಿಯಿಂದ 15,000 ಬಂತು ಅಂತಿಟ್ಟುಕೊಂಡರೂ 50,000 ಕೈಯಿಂದ ಹೋಗುತ್ತದೆ. ರಜೆಯ ಎರಡು ತಿಂಗಳು ಮಂಚ ಹಿಡಿದಿಟ್ಟುಕೊಳ್ಳಲು ಬಾಡಿಗೆ ಕಟ್ಟಬೇಕಾದರೆ ಇನ್ನೂ ಏರುತ್ತದೆ. ಎರಡು ವರ್ಷದ ಎಂ.ಎ.ಗೆ ಲಕ್ಷ ದಾಟುವ ಮಾತು ಇದು. ಮನೆಯಲ್ಲಿ ಈ ಅಂಕಿ ಮುಂದಿಟ್ಟು ಮಾತಾಡಿ.

ಅಡ್ವಾನ್ಸ್ ಕೊಡುವ ಮೊದಲು ನಾಲ್ಕು ವಿಷಯ ಬರಹದಲ್ಲಿ ಇರಲಿ: ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು, ಕರೆಂಟ್ ಬಿಲ್ ಸೇರಿದೆಯಾ, ಭಾನುವಾರ ರಾತ್ರಿ ಊಟ ಇದೆಯಾ. ಮಾಲೀಕರು ಬಾಡಿಗೆ ಮೇಲೆ ಜಿಎಸ್‌ಟಿ ಅಂತ ಸೇರಿಸಿದರೆ ಕೇಳಿ. ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿ ಒಳಗಿನ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಸತಿಗೆ 2024ರ ಜುಲೈಯಿಂದ ಜಿಎಸ್‌ಟಿ ವಿನಾಯಿತಿ ಇದೆ. ಸಾಧಾರಣ ವಿದ್ಯಾರ್ಥಿ ಪಿಜಿಗಳೆಲ್ಲ ಆ ಮಿತಿಯೊಳಗೇ ಬರುತ್ತವೆ.

ನೋಡಲು ಹೋಗುವುದಾದರೆ ಮಧ್ಯಾಹ್ನ ಬೇಡ, ರಾತ್ರಿ ಎಂಟರ ಹೊತ್ತಿಗೆ ಹೋಗಿ. ಎಲ್ಲರೂ ವಾಪಸ್ ಬಂದಿರುತ್ತಾರೆ. ಒಂದೇ ಪ್ಲಗ್ ಪಾಯಿಂಟಿಗೆ ಮೂರು ಚಾರ್ಜರ್, ಮೇಲೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ನೇತಾಡುತ್ತಿದೆಯಾ ನೋಡಿ. ನಲ್ಲಿ ತಿರುಗಿಸಿ ನೋಡಿ. ಮೆಟ್ಟಿಲಿಗೆ ಲೈಟ್ ಇದೆಯಾ, ಬೆಂಕಿ ಬಿದ್ದರೆ ಹೊರಬರಲು ಎರಡನೇ ದಾರಿ ಇದೆಯಾ. ಕಿಟಕಿಗೆಲ್ಲ ಗ್ರಿಲ್ ಹಾಕಿ, ಒಂದೇ ಬಾಗಿಲಿಗೆ ರಾತ್ರಿ ಬೀಗ ಜಡಿಯುವ ಕಟ್ಟಡದಲ್ಲಿ ಎಷ್ಟು ಅಗ್ಗ ಸಿಕ್ಕರೂ ಉಳಿಯಬೇಡಿ.

ಪಿಜಿಯ ನಿಜವಾದ ಕೊರತೆ ಆಸರೆಯದ್ದು. ಮಾಲೀಕರು ಒಳ್ಳೆಯವರಿರಬಹುದು. ಆದರೆ ಪರೀಕ್ಷೆಯಲ್ಲಿ ಫೇಲಾಗಿ ಎರಡು ದಿನ ಕೋಣೆಯಿಂದ ಹೊರಬರದ ಹುಡುಗಿಯನ್ನು ಗಮನಿಸುವ ಕೆಲಸ ಅವರದ್ದಲ್ಲ. ಹಾಸ್ಟೆಲ್‌ನಲ್ಲಿ ಹಾಜರಿ ತೆಗೆದುಕೊಳ್ಳುವವರು, ಪಕ್ಕದ ಕೋಣೆಯವರು, ಮೆಸ್ಸಿನ ಅಕ್ಕ, ಯಾರಾದರೂ ಒಬ್ಬರು 'ಊಟಕ್ಕೆ ಬರಲಿಲ್ವಲ್ಲಾ' ಅಂತ ಕೇಳಿಯೇ ಕೇಳುತ್ತಾರೆ. ಒಂಟಿಯಾಗಿ ಮಂಕಾಗುವ ಸ್ವಭಾವದ ಮಕ್ಕಳಿಗೆ ಮೊದಲ ವರ್ಷ ಪಿಜಿ ಬೇಡ ಅನ್ನುತ್ತೇನೆ, ದುಡ್ಡಿದ್ದರೂ ಸಹ.

ಊರಿನಿಂದಲೇ ಓಡಾಡುವುದು

ನಂಜನಗೂಡು, ಶ್ರೀರಂಗಪಟ್ಟಣ, ಮಂಡ್ಯ ಕಡೆಯ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಲೆಕ್ಕವೇ ಬದಲಾಗಿದೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್, ರೈಲಿನ ಮಾಸಿಕ ಪಾಸ್ ಇವೆ. ದುಡ್ಡು ಉಳಿಯುತ್ತದೆ, ಆದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಹೋದರೆ ಸಂಜೆ ಓದಲು ಕಸುವು ಉಳಿಯುವುದಿಲ್ಲ. ಮನೆಗೆ ಹೋದ ಮೇಲೆ ಹೆಣ್ಣುಮಕ್ಕಳಿಗೆ ಅಡುಗೆಮನೆ ಕೆಲಸವೂ ಕಾದಿರುತ್ತದೆ. ಮನೆಯಿಂದ ಕ್ಲಾಸಿಗೆ ಒಂದು ಗಂಟೆಯೊಳಗೆ ತಲುಪುವುದಾದರೆ ಓಡಾಡಿ. ಅದಕ್ಕಿಂತ ಹೆಚ್ಚಾದರೆ ಹಾಸ್ಟೆಲ್‌ಗೆ ಅರ್ಜಿ ಹಾಕಿ.

ಹಾಗಾದರೆ ಯಾರಿಗೆ ಯಾವುದು?

ಮನೆಯಿಂದ ದುಡ್ಡು ಬರುವ ದಾರಿ ಇಲ್ಲ, ಅರ್ಹತೆ ಇದೆ ಅನ್ನುವವರು ಸರ್ಕಾರಿ ಹಾಸ್ಟೆಲ್‌ಗೆ ಮೊದಲ ಅರ್ಜಿ, ಮಠ ಅಥವಾ ಸಂಘದ ಹಾಸ್ಟೆಲ್‌ಗೆ ಎರಡನೆಯದು ಹಾಕಿ. ಪ್ರಮಾಣಪತ್ರ ಇರದೆ ಅಥವಾ ಆದಾಯ ಮಿತಿ ಸ್ವಲ್ಪ ದಾಟಿ ನಡುವೆ ಸಿಕ್ಕಿಕೊಂಡವರಿಗೆ ಸಮುದಾಯದ ಹಾಸ್ಟೆಲ್‌ಗಳೇ ದೊಡ್ಡ ಆಸರೆ. ಎಂ.ಎಸ್ಸಿ., ಪಿಎಚ್‌.ಡಿ. ಮಾಡುವವರು ಯುನಿವರ್ಸಿಟಿ ಹಾಸ್ಟೆಲ್‌ಗಾಗಿ ಕಾಯುವುದು ಲಾಭವೇ. ಕೆಲಸ ಮಾಡಿಕೊಂಡು ಓದುವವರಿಗೆ, ಗೇಟಿನ ಸಮಯಕ್ಕೆ ಹೊಂದದವರಿಗೆ ಪಿಜಿ ಸರಿ. ಆದರೆ ಇಬ್ಬರು ನಂಬಿಕಸ್ಥ ಗೆಳೆಯರ ಜೊತೆಗೇ ಇರಲಿ. ಅಂಗವೈಕಲ್ಯ ಇರುವವರು ನೆಲಮಹಡಿಯ ಕೋಣೆ, ಕಮೋಡ್ ಇರುವ ಬಚ್ಚಲು, ಮೆಸ್ಸಿಗೆ ಮೆಟ್ಟಿಲಿಲ್ಲದ ದಾರಿ, ಈ ಮೂರನ್ನೂ ಕಣ್ಣಾರೆ ನೋಡದೆ ಒಪ್ಪಬೇಡಿ.

ಎಲ್ಲೇ ಸೇರಿದರೂ ಕೆಲವು ವಿಷಯ ಗೊತ್ತಿರಲಿ. ಯುಜಿಸಿಯ (ವಿಶ್ವವಿದ್ಯಾನಿಲಯ ಅನುದಾನ ಆಯೋಗದ) 2009ರ ರ‍್ಯಾಗಿಂಗ್ ತಡೆ ನಿಯಮದ ಪ್ರಕಾರ ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಸಾಧ್ಯವಿರುವ ಕಡೆ ಹೊಸಬರಿಗೆ ಬೇರೆ ಬ್ಲಾಕ್ ಕೊಡಬೇಕು. ವಾರ್ಡನ್ ಎಲ್ಲ ಹೊತ್ತಿನಲ್ಲೂ ಸಿಗುವಂತಿರಬೇಕು. ಕಾಟ ಕೊಟ್ಟರೆ ದೇಶಕ್ಕೆಲ್ಲ ಒಂದೇ ಉಚಿತ ಸಹಾಯವಾಣಿ 1800-180-5522. ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಎರಡೂ ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿ, ಅಪ್ಪ ಅಮ್ಮನ ಫೋನಿನಲ್ಲೂ ಸೇವ್ ಮಾಡಿಕೊಡಿ.

ಒಂದೇ ಕಡೆ ಅರ್ಜಿ ಹಾಕಿ ಕೂರಬೇಡಿ. ಸರ್ಕಾರಿ, ಯುನಿವರ್ಸಿಟಿ, ಸಂಘದ್ದು, ಮೂರಕ್ಕೂ ಒಟ್ಟಿಗೇ ಹಾಕಿ. ಅಲ್ಲಿಯವರೆಗೆ ಪಿಜಿ ಹಿಡಿಯುವುದಾದರೆ ತಿಂಗಳ ಲೆಕ್ಕದಲ್ಲಿ, ಕಡಿಮೆ ಅಡ್ವಾನ್ಸ್‌ಗೆ ಹಿಡಿಯಿರಿ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಹಾಸ್ಟೆಲ್ ಕಚೇರಿಗೆ ಆಗಾಗ ಹೋಗಿ ಕೇಳುತ್ತಿರಿ. ಬೇರೆ ಕೋರ್ಸು ಸಿಕ್ಕಿ ಬಿಟ್ಟುಹೋಗುವವರು, ಊರಿಗೆ ವಾಪಸಾಗುವವರು ಪ್ರತಿ ವರ್ಷ ಇರುತ್ತಾರೆ. ಆ ಖಾಲಿ ಮಂಚ ಸಿಗುವುದು ಕೇಳಿಕೊಂಡು ಬಂದವರಿಗೆ. ಅದಕ್ಕೇ ಅರ್ಜಿಯ ಪ್ರಿಂಟ್, ಫೀಸ್ ರಸೀದಿ, ಎರಡು ಫೋಟೊ ಯಾವಾಗಲೂ ಬ್ಯಾಗಿನಲ್ಲೇ ಇರಲಿ.